ಟರ್ನ್‌ಟೇಬಲ್‌ಗೆ ಬೇರೆ ಮಾಡೆಲ್‌ನ ಭಾಗ ಹಾಕುವ ಮುನ್ನ

ಇರುವ ಟರ್ನ್‌ಟೇಬಲ್‌ಗೆ (ರೆಕಾರ್ಡ್ ಪ್ಲೇಯರ್‌ಗೆ) ಮೇಲ್ದರ್ಜೆಯ ಮಾಡೆಲ್‌ನ ಪ್ಲ್ಯಾಟರ್ (ರೆಕಾರ್ಡ್ ಇಡುವ, ತಿರುಗುವ ತಟ್ಟೆ) ಹಾಕಬೇಕು ಅಂತಿರುವವರು ದಯವಿಟ್ಟು ಮೊದಲು ಸೂಜಿ ಬದಲಿಸಿ ನೋಡಿ. ವ್ಯತ್ಯಾಸ ಕಿವಿಗೆ ಬೇಗ ಗೊತ್ತಾಗುವುದು ಅಲ್ಲೇ. ಆಡಿಯೋ-ಟೆಕ್ನಿಕಾ ವಿಎಂ95 ಸರಣಿಯ ಸೂಜಿಗಳೆಲ್ಲ ಒಂದೇ ಬಗೆಯ ಕಾರ್ಟ್ರಿಜ್‌ನ (ಆರ್ಮ್ ತುದಿಯಲ್ಲಿ ಸೂಜಿ ಹಿಡಿದಿರುವ ಪುಟ್ಟ ಭಾಗ) ಬಾಡಿಯಲ್ಲಿ ಕೂರುತ್ತವೆ. ಆರ್ಟೊಫಾನ್ 2ಎಂ ರೆಡ್ ಕಾರ್ಟ್ರಿಜ್ ಇದ್ದರೆ 2ಎಂ ಬ್ಲೂನ ಸೂಜಿಯನ್ನು ಹಾಗೇ ಸಿಕ್ಕಿಸಬಹುದು, ಸ್ಕ್ರೂ ಕೂಡ ಬಿಚ್ಚಬೇಕಿಲ್ಲ.

ಪ್ಲ್ಯಾಟರ್ ಬದಲಿಸಲೇಬೇಕೆಂದರೆ ಎರಡರ ದಪ್ಪ ಅಳೆಯಿರಿ. ಹೊಸದು ದಪ್ಪಗಿದ್ದರೆ ರೆಕಾರ್ಡ್ ಮೇಲೇರಿ, ಆರ್ಮ್‌ನ (ಸೂಜಿ ಹೊತ್ತ ತೋಳಿನ) ಹಿಂಬದಿ ತಗ್ಗಿದಂತಾಗಿ ಸೂಜಿಯ ಕೋನ ಕೆಡುತ್ತದೆ. ಎತ್ತರ ಹೊಂದಿಸಲಾಗದ ಆರ್ಮ್ ಆದರೆ ತೆಳು ಮ್ಯಾಟ್ ಹಾಕಿ, ಇಲ್ಲವೇ ಆರ್ಮ್ ಬುಡಕ್ಕೆ ಸ್ಪೇಸರ್ ಕೊಡಿ. ನಡುವಿನ ತೂತು ಸ್ಪಿಂಡಲ್‌ಗೆ (ನಡುವಿನ ಕಡ್ಡಿಗೆ) ಸರಿಯಾಗಿ ಕೂರಬೇಕು. ಬೆಲ್ಟ್ ಸುತ್ತುವ ಜಾಗದ ವ್ಯಾಸವಂತೂ ಒಂದಿಷ್ಟೂ ಬೇರೆಯಾಗಬಾರದು; ಬೇರೆಯಾದರೆ ನಿಮಿಷಕ್ಕೆ 33⅓ ಸುತ್ತಿನ ವೇಗ ತಪ್ಪಿ ಹಾಡಿನ ಶ್ರುತಿಯೇ ಬದಲಾಗುತ್ತದೆ.

ಡೈರೆಕ್ಟ್ ಡ್ರೈವ್ (ಬೆಲ್ಟ್ ಇಲ್ಲದೆ ಮೋಟಾರೇ ನೇರವಾಗಿ ತಿರುಗಿಸುವ ಟರ್ನ್‌ಟೇಬಲ್) ಇರುವವರು ಈ ಕೆಲಸಕ್ಕೆ ಕೈಹಾಕದಿರುವುದೇ ಒಳ್ಳೆಯದು. ಟೆಕ್ನಿಕ್ಸ್ ಎಸ್‌ಎಲ್-1200 ಎಂಕೆ2ನಲ್ಲಿ ಪ್ಲ್ಯಾಟರ್ ಅಡಿಯ ಮ್ಯಾಗ್ನೆಟ್ಟೇ ಮೋಟಾರಿನ ಭಾಗ, ಅದಿಲ್ಲದ ಬೇರೆ ಪ್ಲ್ಯಾಟರ್ ಇಟ್ಟರೆ ತಿರುಗುವುದೇ ಇಲ್ಲ.

ಕಾರ್ಟ್ರಿಜ್ ಪೂರ್ತಿ ಬದಲಿಸಿದವರು ಸೂಜಿ ರೆಕಾರ್ಡ್ ಮೇಲೆ ಒತ್ತುವ ಭಾರ ಮತ್ತೆ ಹೊಂದಿಸಿ: 2ಎಂ ರೆಡ್‌ಗೆ 1.8 ಗ್ರಾಂ, ಸಾಮಾನ್ಯ ವಿಎಂ95 ಸೂಜಿಗಳಿಗೆ 2 ಗ್ರಾಂ.