ಗೆಳೆಯರ ಜೊತೆ ವೈನ್ ರುಚಿ ನೋಡುವ ಪ್ರವಾಸ ಹೊರಡುವ ಮುನ್ನ

ಮೊದಲು ಗಾಡಿ ಓಡಿಸುವವರು ಯಾರೆಂದು ಗೊತ್ತುಮಾಡಿ. ಅವರು ಅಂದು ಒಂದು ಗುಟುಕೂ ಕುಡಿಯಬಾರದು. ಯಾರೂ ಒಪ್ಪದಿದ್ದರೆ ಬಾಡಿಗೆ ಡ್ರೈವರ್ ಕರೆದುಕೊಳ್ಳಿ. ಇದರಲ್ಲಿ ರಾಜಿ ಬೇಡವೇ ಬೇಡ.

ದಿನಕ್ಕೆ ಮೂರು ವೈನರಿ (ವೈನ್ ತಯಾರಿಸುವ ಜಾಗ) ಸಾಕು. ನಾಲ್ಕನೆಯದನ್ನು ಮುಟ್ಟುವಷ್ಟರಲ್ಲಿ ನಾಲಿಗೆ ದಣಿದು ಎಲ್ಲ ಕೆಂಪು ವೈನೂ ಒಂದೇ ಎನಿಸುತ್ತದೆ. ಚೆನ್ನಾಗಿ ತಿಂದು ಹೊರಡಿ. ಸೆಂಟ್ ಹಾಕಿಕೊಳ್ಳಬೇಡಿ, ಪಕ್ಕದವರಿಗೂ ವೈನಿನ ಪರಿಮಳ ಸಿಗದಂತಾಗುತ್ತದೆ.

ಒಂದು ಸಲಕ್ಕೆ 50 ಮಿಲಿ ಬೇಕಾದಷ್ಟಾಯಿತು. ಗ್ಲಾಸನ್ನು ಮೇಜಿನ ಮೇಲೇ ಇಟ್ಟು, ಅದರ ಕಾಲು ಹಿಡಿದು ಎರಡು ಮೂರು ಸುತ್ತು ತಿರುಗಿಸಿ, ಮೂಗನ್ನು ಒಳಗಿಳಿಸಿ ಮೂಸಿ. ನೆನೆದ ರಟ್ಟಿನ ವಾಸನೆ ಬಂದರೆ ಬಿರಡೆಯಿಂದ ಕೆಟ್ಟಿರುವ ಸಾಧ್ಯತೆ ಹೆಚ್ಚು. ಸಂಕೋಚವಿಲ್ಲದೆ ಬೇರೆ ಬಾಟಲಿ ಕೇಳಿ. ಆಮೇಲೆ ಸಣ್ಣ ಗುಟುಕು, ಬಾಯಿ ತುಂಬ ಆಡಿಸಿ ಉಗುಳಿ. ಉಗುಳುವುದು ಅಸಭ್ಯವಲ್ಲ, ಪಾತ್ರೆ ಇಟ್ಟಿರುವುದೇ ಅದಕ್ಕೆ. ಬಿಳಿ ಮೊದಲು, ನಂತರ ಕೆಂಪು, ಸಿಹಿ ಕೊನೆಗೆ. ಸಿಹಿಯಾದ ಮೇಲೆ ಕುಡಿದರೆ ಡ್ರೈ ವೈನ್, ಅಂದರೆ ಸಿಹಿಯಿಲ್ಲದ ವೈನ್, ಬರೀ ಹುಳಿ ಎನಿಸುತ್ತದೆ.

ಕೊಂಡ ಬಾಟಲಿಗಳನ್ನು ಬಿಸಿಲಲ್ಲಿ ನಿಂತ ಗಾಡಿಯಲ್ಲಿ ಬಿಡಬೇಡಿ. ಶಾಖಕ್ಕೆ ವೈನ್ ಹಿಗ್ಗಿ ಬಿರಡೆಯನ್ನು ಮೇಲೆ ತಳ್ಳುತ್ತದೆ, ರುಚಿಯೂ ಬೆಂದ ಹಣ್ಣಿನಂತಾಗುತ್ತದೆ. ಟವೆಲ್ ಸುತ್ತಿ, ಥರ್ಮಾಕೋಲ್ ಡಬ್ಬಿಯಲ್ಲಿ ಮಲಗಿಸಿ ತನ್ನಿ.