ಕೇಳಿದರೆ ಒಂದು, ಕೊಂಡರೆ ಇನ್ನೊಂದು: ಆಹಾರದ ಆಯ್ಕೆಯನ್ನು ಅಳೆದ ನನ್ನ ಅನುಭವ

‘ಆರೋಗ್ಯಕ್ಕೆ ಒಳ್ಳೆಯದಾದರೆ ಸ್ವಲ್ಪ ಹೆಚ್ಚು ಹಣ ಕೊಡುತ್ತೀರಾ?’ ಎಂದು ಕೇಳಿದರೆ ಬಹುತೇಕರು ಹೌದೆನ್ನುತ್ತಾರೆ. ಅವರು ಸುಳ್ಳು ಹೇಳುತ್ತಿರುವುದಿಲ್ಲ. ಆ ಹೊತ್ತಿನಲ್ಲಿ ಕೈಯಿಂದ ಹಣ ಹೋಗುವುದಿಲ್ಲ, ಹೊಟ್ಟೆಗೂ ಏನೂ ಇಳಿಯುವುದಿಲ್ಲ. ಹಾಗಾಗಿ ಉತ್ತರ ಉದಾರವಾಗಿರುತ್ತದೆ. ಬರಿಯ ಪ್ರಶ್ನಾವಳಿಯ ಮೇಲೆ ನಿಂತ ಆಹಾರ ಸಂಶೋಧನೆಯನ್ನು ನಾನು ನೆಚ್ಚದಿರುವುದು ಇದಕ್ಕೇ. ನನ್ನ ಪ್ರಯೋಗಗಳಲ್ಲಿ ಆರಿಸಿದವರು ನಿಜವಾಗಿಯೂ ಹಣ ತೆತ್ತು, ಆರಿಸಿದ್ದನ್ನೇ ಪಡೆದುಕೊಳ್ಳಬೇಕು.

ಇದಕ್ಕೆ ನಾನು ಹೆಚ್ಚಾಗಿ ಬಳಸುವುದು ಬೆಕರ್, ಡಿಗ್ರೂಟ್ ಮತ್ತು ಮಾರ್ಷಾಕ್ 1964ರಲ್ಲಿ ಮುಂದಿಟ್ಟ ವಿಧಾನ. ತಿನಿಸಿಗೆ ತಾವು ಕೊಡಬಲ್ಲ ಅತಿ ಹೆಚ್ಚಿನ ಬೆಲೆಯನ್ನು ಪ್ರತಿಯೊಬ್ಬರೂ ಬರೆಯುತ್ತಾರೆ. ಆಮೇಲೆ ಬೇರೆ ಬೇರೆ ಬೆಲೆ ಬರೆದ ಚೀಟಿಗಳಲ್ಲಿ ಒಂದನ್ನು ಎತ್ತುತ್ತೇವೆ. ಚೀಟಿಯ ಬೆಲೆ ಬರೆದದ್ದಕ್ಕಿಂತ ಹೆಚ್ಚಿದ್ದರೆ ತಿನಿಸು ಸಿಗುವುದಿಲ್ಲ. ಇಲ್ಲವಾದರೆ ಚೀಟಿಯಲ್ಲಿರುವ ಬೆಲೆಗೆ ಕೊಳ್ಳಲೇಬೇಕು. ಬರೆದ ಮೊತ್ತ ಬೆಲೆಯನ್ನು ಇಳಿಸುವುದಿಲ್ಲ, ಆದ್ದರಿಂದ ಮನಸ್ಸಿನಲ್ಲಿರುವ ಬೆಲೆಯನ್ನೇ ಬರೆಯುವುದು ಲಾಭ. ಆದರೆ ಚೌಕಾಸಿ ಮಾಡಿ ರೂಢಿಯಾದವರು ಇಲ್ಲೂ ಕಡಿಮೆ ಬರೆಯುತ್ತಾರೆ. ಎಷ್ಟು ವಿವರಿಸಿದರೂ ಆ ರೂಢಿ ಹೋಗುವುದಿಲ್ಲ. ಮೊದಲು ಪೆನ್ನಿನಂತಹ ಬೇರೆ ವಸ್ತುವಿನ ಮೇಲೆ ಅಭ್ಯಾಸದ ಸುತ್ತು ನಡೆಸುತ್ತೇನೆ. ಕಡಿಮೆ ಬರೆದದ್ದರಿಂದ ವಸ್ತು ಕೈತಪ್ಪಿದವರು, ಹೆಚ್ಚು ಬರೆದು ಬೇಡದ ಬೆಲೆಗೆ ಕೊಂಡವರು ಇಬ್ಬರೂ ಕಣ್ಣೆದುರಿಗೇ ಕಂಡಾಗ ನಿಯಮ ತಾನಾಗಿ ಅರ್ಥವಾಗುತ್ತದೆ. ಹಲವು ತಿನಿಸುಗಳಿದ್ದರೆ ಎಲ್ಲವಕ್ಕೂ ಬೆಲೆ ಬರೆಸಿ, ಕೊನೆಗೆ ಒಂದನ್ನು ಮಾತ್ರ ಚೀಟಿಯಲ್ಲಿ ಆರಿಸಿ ಮಾರುತ್ತೇನೆ. ಇಲ್ಲದಿದ್ದರೆ ಮೊದಲನೆಯದನ್ನು ಕೊಂಡವರಿಗೆ ಎರಡನೆಯದು ಬೇಡವಾಗಿರುತ್ತದೆ.

ಇನ್ನು ಹಸಿವು. ಡೇನಿಯಲ್ ರೀಡ್ ಮತ್ತು ಬಾರ್ಬರಾ ವಾನ್ ಲೀವೆನ್ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಚೇರಿ ನೌಕರರು ಒಂದು ವಾರದ ನಂತರ ತಿನ್ನುವ ತಿಂಡಿಯನ್ನು ಮುಂಚಿತವಾಗಿ ಆರಿಸಿದರು. ಆರಿಸುವಾಗ ಹಸಿದಿದ್ದವರು ಆರೋಗ್ಯಕ್ಕೆ ಅಷ್ಟು ಒಳ್ಳೆಯದಲ್ಲದ್ದರ ಕಡೆಗೆ ಹೆಚ್ಚು ವಾಲಿದರು. ಆ ದಿನ ಬಂದು ಆಯ್ಕೆ ಬದಲಿಸುವ ಅವಕಾಶ ಸಿಕ್ಕಾಗ, ಮುಂಚಿತವಾಗಿ ಒಳ್ಳೆಯದನ್ನು ಆರಿಸಿದ್ದ ಅನೇಕರೂ ಮನಸ್ಸು ಬದಲಿಸಿದರು. ಹೋಲಿಸಬೇಕಾದ ಎರಡೂ ಗುಂಪುಗಳನ್ನು ನಾನು ದಿನದ ಒಂದೇ ಹೊತ್ತಿನಲ್ಲಿ ಕರೆಯುತ್ತೇನೆ, ಕೊನೆಯ ಊಟ ಯಾವಾಗ ಆಯಿತೆಂದು ಕೇಳಿ ಬರೆದುಕೊಳ್ಳುತ್ತೇನೆ. ಆಯ್ಕೆ ಈಗಿನದೋ ನಾಳಿನದೋ ಎಂಬುದನ್ನೂ ಮೊದಲೇ ಗೊತ್ತುಮಾಡಿಕೊಳ್ಳುತ್ತೇನೆ.

ಲೇಬಲ್ ಅಧ್ಯಯನಗಳಲ್ಲಿ ರುಚಿ ನೋಡುವ ಸುತ್ತು ಇರಲೇಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ. ಒಂದೇ ಕೊಚ್ಚಿದ ಮಾಂಸಕ್ಕೆ ‘ಶೇ 75 ಕೊಬ್ಬುರಹಿತ’ ಎಂದಾಗ ಸಿಕ್ಕ ಮೆಚ್ಚುಗೆ ‘ಶೇ 25 ಕೊಬ್ಬು’ ಎಂದಾಗ ಸಿಗಲಿಲ್ಲ ಎಂದು ಲೆವಿನ್ ಮತ್ತು ಗೇತ್ 1988ರಲ್ಲಿ ತೋರಿಸಿದರು. ರುಚಿ ನೋಡಿದವರಲ್ಲಿ ಆ ಅಂತರ ತಗ್ಗಿತ್ತು ಎಂಬುದೂ ಅದೇ ಅಧ್ಯಯನದಲ್ಲಿದೆ. ಈ ಎರಡನೆಯ ಭಾಗವನ್ನು ಬಿಟ್ಟು ಮೊದಲನೆಯದನ್ನಷ್ಟೇ ಉಲ್ಲೇಖಿಸುವವರು ಬಹಳ.

ಪ್ರಯೋಗಾಲಯಕ್ಕಿಂತ ನನಗೆ ಹೆಚ್ಚು ಇಷ್ಟವಾದದ್ದು ಕ್ಯಾಂಟೀನಿನ ಕೆಲಸ. ಅಲ್ಲಿ ಜನ ಪ್ರಯೋಗಕ್ಕಾಗಿ ಬಂದಿರುವುದಿಲ್ಲ, ಊಟಕ್ಕೆ ಬಂದಿರುತ್ತಾರೆ. ಮೊದಲು ಏನನ್ನೂ ಬದಲಿಸದೆ ಕೆಲವು ವಾರ ಬಿಲ್ಲಿನ ಲೆಕ್ಕ ಮಾತ್ರ ಸಂಗ್ರಹಿಸುತ್ತೇನೆ. ನಂತರ ಬದಲಾವಣೆಯ ವಾರ, ಹಳೆಯ ವ್ಯವಸ್ಥೆಯ ವಾರ ಎಂದು ಅದಲುಬದಲು ಮಾಡುತ್ತೇನೆ. ಹವಾಮಾನ, ರಜೆ, ಸಂಬಳದ ದಿನಗಳ ಪ್ರಭಾವ ಬದಲಾವಣೆಯ ಫಲದೊಂದಿಗೆ ಬೆರೆಯಬಾರದು. ಪ್ರತಿ ಖಾದ್ಯ ಎಷ್ಟು ಹೊತ್ತಿಗೆ ಮುಗಿಯಿತೆಂದು ಬಡಿಸುವವರಿಂದ ಬರೆಸುವುದು ಬಲು ಮುಖ್ಯ. ಬೇಗ ಖಾಲಿಯಾದ ಖಾದ್ಯ ಬಿಲ್ಲಿನಲ್ಲಿ ಬೇಡಿಕೆಯಿಲ್ಲದ ಖಾದ್ಯದಂತೆಯೇ ಕಾಣುತ್ತದೆ. ತಟ್ಟೆಯಲ್ಲಿ ಉಳಿದದ್ದನ್ನೂ ತೂಗಬೇಕು, ಏಕೆಂದರೆ ಕೊಂಡದ್ದೆಲ್ಲ ತಿಂದದ್ದಲ್ಲ. ಈ ಕೆಲಸದಲ್ಲಿ ಅಡುಗೆಯವರೇ ನನಗೆ ಅತ್ಯುತ್ತಮ ಗುರುಗಳು. ಯಾವ ದಿನ ಯಾರು ಏನನ್ನು ಬಿಡುತ್ತಾರೆಂದು ಅವರಿಗೆ ತಿಳಿದಿರುತ್ತದೆ.

ಮಾಹಿತಿ ಫಲಕಕ್ಕಿಂತ ಬಡಿಸುವ ಸಾಲಿನ ರಚನೆ ಹೆಚ್ಚು ಕೆಲಸ ಮಾಡುತ್ತದೆ ಎಂಬುದು ನನ್ನ ಅನುಭವ. ಕೇಂಬ್ರಿಜ್‌ನ ಕ್ಯಾಂಟೀನುಗಳ ಕುರಿತು 2019ರಲ್ಲಿ ಪ್ರಕಟವಾದ ಅಧ್ಯಯನವೂ ಇದೇ ದಾರಿಯದು. ಮುಖ್ಯ ಊಟದ ಖಾದ್ಯಗಳಲ್ಲಿ ಸಸ್ಯಾಹಾರದ ಪಾಲನ್ನು ಶೇ 25ರಿಂದ 50ಕ್ಕೆ ಏರಿಸಿದಾಗ ಅದರ ಮಾರಾಟ ಮೊದಲಿದ್ದುದಕ್ಕಿಂತ ಕನಿಷ್ಠ ಶೇ 41, ಗರಿಷ್ಠ ಶೇ 79ರಷ್ಟು ಹೆಚ್ಚಿತು. ಬೇರೆ ಹೊತ್ತಿನ ಊಟಗಳಲ್ಲಿ ಅದು ತಗ್ಗಿತೇ ಎಂದೂ ಅವರು ಪರಿಶೀಲಿಸಿದರು. ಹಾಗಾದ ಲಕ್ಷಣ ಹೆಚ್ಚೇನೂ ಕಾಣಲಿಲ್ಲ. ಮಧ್ಯಾಹ್ನ ಬಿಟ್ಟದ್ದನ್ನು ರಾತ್ರಿ ತಿಂದರೆ ಆದ ಬದಲಾವಣೆ ಏನು? ಈ ಪ್ರಶ್ನೆ ಕೇಳದ ಫಲಿತಾಂಶ ನನಗೆ ಅರ್ಧದ್ದೇ.

ನಮ್ಮ ಕ್ಷೇತ್ರದ ಮೇಲಿನ ನಂಬಿಕೆಗೆ ದೊಡ್ಡ ಪೆಟ್ಟು ಬಿದ್ದಿರುವುದನ್ನು ಮರೆಯುವಂತಿಲ್ಲ. ತಟ್ಟೆ, ಬಟ್ಟಲುಗಳ ಗಾತ್ರದ ಅಧ್ಯಯನಗಳಿಂದ ಹೆಸರಾದ ಬ್ರಯಾನ್ ವಾನ್ಸಿಂಕ್ ಅವರ ಆರು ಪ್ರಬಂಧಗಳನ್ನು ಅಮೆರಿಕನ್ ವೈದ್ಯಕೀಯ ಸಂಘದ ನಿಯತಕಾಲಿಕಗಳು 2018ರಲ್ಲಿ ಒಂದೇ ಸಲ ಹಿಂಪಡೆದವು. ಆಹಾರದ ಅಂಕಿಗಳಲ್ಲಿ ಆಕಸ್ಮಿಕವನ್ನೇ ಫಲಿತಾಂಶವೆಂದು ನಂಬಿಬಿಡುವ ಅಪಾಯ ವಿಶೇಷವಾಗಿ ಹೆಚ್ಚು. ಕ್ಯಾಲೊರಿ, ಸಕ್ಕರೆ, ತೂಕ, ಖರ್ಚು, ಹಣ್ಣಿನ ಪಾಲು ಎಂದು ಅಳೆಯಲು ಹತ್ತಾರು ಸಂಗತಿಗಳಿವೆ, ಹುಡುಕುತ್ತ ಹೋದರೆ ಯಾವುದಾದರೊಂದು ಆಕಸ್ಮಿಕವಾಗಿ ಹೊಳೆದೇ ಹೊಳೆಯುತ್ತದೆ. ಮೊದಲ ತಟ್ಟೆ ಬಡಿಸುವ ಮುನ್ನವೇ ಮುಖ್ಯ ಅಳತೆ ಯಾವುದು, ಎಷ್ಟು ವಾರ ನಡೆಸುತ್ತೇವೆ, ಯಾವ ದಿನಗಳನ್ನು ಕೈಬಿಡುತ್ತೇವೆ ಎಂದು ಬರೆದು ಸಾರ್ವಜನಿಕ ನೋಂದಣಿಯಲ್ಲಿ ದಾಖಲಿಸುತ್ತೇನೆ. ಏನೂ ಬದಲಾಗದಿದ್ದರೆ ಅದನ್ನೂ ಅಷ್ಟೇ ವಿವರವಾಗಿ ಬರೆದು, ಮೊದಲ ಪ್ರತಿಯನ್ನು ಕ್ಯಾಂಟೀನಿನವರಿಗೆ ಕೊಡುತ್ತೇನೆ.