ಮೊದಲು ಮೂರು ಬೆರಳು, ಆಮೇಲೆ ರೋಬೋಟ್

ಬಾಯಿ, ಗಂಟಲಿನ ಕ್ಯಾನ್ಸರ್‌ಗೆ "ರೋಬೋಟ್‌ನಲ್ಲೇ ಆಪರೇಷನ್ ಮಾಡಿ ಡಾಕ್ಟ್ರೇ" ಎಂದು ಕೇಳುವವರು ಈಗ ಜಾಸ್ತಿ. ನಾನು ಮೊದಲು ಬಾಯಿ ತೆರೆಸಿ, ಅವರದೇ ಮೂರು ಬೆರಳನ್ನು ಒಂದರ ಮೇಲೊಂದು ಇಟ್ಟು ಹಲ್ಲುಗಳ ನಡುವೆ ತೂರಿಸಲು ಹೇಳುತ್ತೇನೆ. ವರ್ಷಗಟ್ಟಲೆ ಗುಟ್ಕಾ ಜಗಿದ ಹಲವರಿಗೆ ಕೆನ್ನೆಯ ಒಳಭಾಗ ನಾರಿನಂತೆ ಬಿಗಿದಿರುತ್ತದೆ. ಕೆಲವರಿಗೆ ಒಂದು ಬೆರಳೂ ಹೋಗುವುದಿಲ್ಲ. ಅಂಥ ಬಾಯೊಳಗೆ ಕ್ಯಾಮೆರಾ, ಎರಡು ಉಪಕರಣ ಇಳಿಸುವುದು ಹೇಗೆ? ಕೆನ್ನೆಯ ಕ್ಯಾನ್ಸರ್ ಕಣ್ಣಿಗೇ ಕಾಣುತ್ತದೆ, ಅದಕ್ಕೆ ರೋಬೋಟ್ ಬೇಕಾಗಿಯೂ ಇಲ್ಲ.

ಬೇಕಾಗುವುದು ಟಾನ್ಸಿಲ್, ನಾಲಿಗೆಯ ಬುಡದಂಥ ಜಾಗಕ್ಕೆ. ನಾನು ಕಲಿಯುವಾಗ ಅಲ್ಲಿಗೆ ತಲುಪಲು ಕೆಳತುಟಿ ಸೀಳಿ, ದವಡೆಯ ಮೂಳೆ ಕೊಯ್ದು, ಕೊನೆಗೆ ಪ್ಲೇಟ್ ಹಾಕಿ ಕೂಡಿಸುತ್ತಿದ್ದೆವು. ಬಾಯಿಯ ಮೂಲಕವೇ ರೋಬೋಟ್ ಇಳಿಸುವ ದಾರಿ ತೋರಿಸಿದವರು ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸರ್ಜನ್‌ಗಳಾದ ವೈನ್‌ಸ್ಟೈನ್ ಮತ್ತು ಓಮ್ಯಾಲಿ. 2009ರಲ್ಲಿ ಔಷಧ, ವೈದ್ಯಕೀಯ ಉಪಕರಣಗಳಿಗೆ ಅನುಮತಿ ಕೊಡುವ ಅಲ್ಲಿನ ಸರ್ಕಾರಿ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿತು, ಅದೂ ಟಿ1, ಟಿ2 ಹಂತದ ಸಣ್ಣ ಗೆಡ್ಡೆಗಳಿಗೆ.

ನನ್ನ ಮೊದಲ ಕೇಸ್ ನಾಲಿಗೆಯ ಬುಡದ್ದು. ಬಾಯಿ ಅಗಲಿಸಿ ಹಿಡಿಯುವ ರಿಟ್ರಾಕ್ಟರ್ ಸರಿಯಾಗಿ ಕೂರಿಸುವುದಕ್ಕೇ ಬಹಳ ಹೊತ್ತು ಹಿಡಿಯಿತು. ಆಮೇಲೆ ನಾಲ್ಕು ಹೆಜ್ಜೆ ದೂರದಲ್ಲಿ, ರೋಬೋಟ್‌ನ ಕೈಗಳನ್ನು ನಾವೇ ಆಡಿಸುವ ಕನ್ಸೋಲ್‌ನಲ್ಲಿ ಕೂತೆ. ಎಷ್ಟು ಚೆನ್ನಾಗಿ ಕಾಣುತ್ತದೆ! ಆಳವೂ ತಿಳಿಯುತ್ತದೆ, ಸಣ್ಣ ರಕ್ತನಾಳವೂ ಎದ್ದು ಕಾಣುತ್ತದೆ. ಆದರೆ ಕೈಗೆ ಏನೂ ತಿಳಿಯುವುದಿಲ್ಲ. ಗೆಡ್ಡೆ ಗಟ್ಟಿ, ಸುತ್ತಲಿನ ಮಾಂಸ ಮೆದು. ಇದು ಬೆರಳಿಗೆ ಗೊತ್ತಾಗುವಂತೆ ಯಂತ್ರಕ್ಕೆ ಗೊತ್ತಾಗುವುದಿಲ್ಲ. ಹಾಗಾಗಿ ರೋಬೋಟ್ ಕೈಗಳನ್ನು ಒಳಗಿಡುವ ಮೊದಲು ಗೆಡ್ಡೆಯನ್ನು ಬೆರಳಿನಿಂದ ಚೆನ್ನಾಗಿ ಮುಟ್ಟಿ ನೋಡುತ್ತೇನೆ. ನಡುವೆ ಅನುಮಾನ ಬಂದರೆ ನಿಲ್ಲಿಸಿ ಮತ್ತೆ ಮುಟ್ಟುತ್ತೇನೆ. ಅಂಚಿನಲ್ಲಿ ಕ್ಯಾನ್ಸರ್ ಇದೆಯೇ ಎಂದು ತಿಳಿಯಲು ತೆಗೆದ ತುಂಡಿನ ಅಂಚನ್ನು ಆಗಲೇ ಪರೀಕ್ಷೆಗೆ ಕಳಿಸುತ್ತೇವೆ. ಇನ್ನು ರೋಗಿಯ ತಲೆಯ ಬಳಿ ರಕ್ತ ಹೀರುವ ಸಕ್ಷನ್ ನಳಿಕೆ ಹಿಡಿದು ಕೂತ ಸಹಾಯಕರು. ಅವರು ಪಳಗಿದವರಾಗಿರಲೇಬೇಕು. ರಕ್ತ ಚಿಮ್ಮಿದರೆ ರೋಗಿಯ ಹತ್ತಿರ ಇರುವುದು ಅವರ ಕೈ, ನನ್ನದಲ್ಲ.

ನನಗೆ ಇಂದಿಗೂ ಇರುವ ಭಯ ಆಪರೇಷನ್ ಆದಮೇಲಿನ ರಕ್ತಸ್ರಾವ. ಕ್ಯಾನ್ಸರ್ ಹರಡಬಹುದಾದ ಕತ್ತಿನ ಗಂಟುಗಳನ್ನು ತೆಗೆಯುವಾಗಲೇ ಗೆಡ್ಡೆ ಇರುವ ಭಾಗಕ್ಕೆ ಹೋಗುವ ರಕ್ತನಾಳಗಳನ್ನು ಕಟ್ಟಿಬಿಡುತ್ತೇನೆ. ಆದರೂ ಒಬ್ಬರಿಗೆ ಹತ್ತನೇ ದಿನ, ಊರಿಗೆ ಹೋದ ಮೇಲೆ ರಕ್ತ ಬಂತು. ಬದುಕಿಕೊಂಡರು. ಆ ರಾತ್ರಿ ಅವರ ಮಗ ಮಾಡಿದ ಫೋನ್ ಮರೆಯಲು ಆಗಿಲ್ಲ. ಅಂದಿನಿಂದ ದೂರದ ಊರಿನವರಿಗೆ ಎರಡು ವಾರ ಆಸ್ಪತ್ರೆಯ ಹತ್ತಿರವೇ ಉಳಿಯಲು ಹೇಳುತ್ತೇನೆ. ಉಗುಳಿನಲ್ಲಿ ಒಂದು ಚಮಚ ಹಸಿ ರಕ್ತ ಕಂಡರೂ ಬೆಳಗಾಗಲಿ ಎಂದು ಕಾಯಬೇಡಿ, ಹೊರಟು ಬನ್ನಿ ಎನ್ನುತ್ತೇನೆ.